ಮಾನಿಟರಿನ ಜಾತಕ ಬರೆದ ಮೇಡಂ

ಅವರ ಎಡಗೈಯ ಕಿರುಬೆರಳಿನ ತುದಿ ಕೊಂಚ ಒಳಕ್ಕೆ ಬಾಗಿತ್ತು. ಇಪ್ಪತ್ತೈದು ವರ್ಷ ಟೈಪ್‌ರೈಟರಿನ ‘ಎ’ ಅಕ್ಷರವನ್ನು ಒತ್ತಿ ಒತ್ತಿ ಹಾಗಾದದ್ದು ಎಂದು ಅವರೇ ಹೇಳುತ್ತಿದ್ದರು. ಆ ಬೆರಳಾಗಲಿ ಉಳಿದ ಬೆರಳುಗಳಾಗಲಿ ಸುಮ್ಮನಿದ್ದದ್ದನ್ನು ನಾನು ಕಂಡದ್ದು ಕಡಿಮೆ. ಎದುರಿಗೆ ಕೂತವರು ಮಾತಾಡುತ್ತಿದ್ದರೆ ಆ ಮಾತನ್ನೆಲ್ಲ ಅವು ಮೇಜಿನ ಅಂಚಿನ ಮೇಲೆ, ಸೀರೆಯ ನೆರಿಗೆಯ ಮೇಲೆ, ಬಸ್ಸಿನಲ್ಲಾದರೆ ಮುಂದಿನ ಸೀಟಿನ ಕಂಬಿಯ ಮೇಲೆ ಸದ್ದಿಲ್ಲದೆ ಟೈಪ್ ಮಾಡುತ್ತಾ ಹೋಗುತ್ತಿದ್ದವು. ಹೇಳುವವರು ಸುಳ್ಳು ಹೇಳಿದರೆ ಮಾತ್ರ ಬೆರಳು ನಿಲ್ಲುತ್ತಿದ್ದವು. ಬೈಗುಳವಿಲ್ಲ, ಮುಖ ಗಂಟಿಕ್ಕುವುದಿಲ್ಲ. ಬೆರಳು ನಿಲ್ಲುವುದು, ಅಷ್ಟೇ. ಬೇಲೂರಿನಲ್ಲಿ ಅವರ ಬಳಿ ಕಲಿತ ಯಾರನ್ನು ಬೇಕಾದರೂ ಕೇಳಿ, ಅಪ್ಪನ ಏಟಿಗಿಂತ ಆ ಬೆರಳು ನಿಲ್ಲುವುದಕ್ಕೆ ಹೆಚ್ಚು ಹೆದರುತ್ತಿದ್ದೆವು ಎನ್ನುತ್ತಾರೆ.

ಊರೆಲ್ಲ ಅವರನ್ನು ‘ಟೈಪಿಂಗ್ ಮೇಡಂ’ ಎನ್ನುತ್ತಿತ್ತು. ಬಸ್ ನಿಲ್ದಾಣದಿಂದ ದೇವಸ್ಥಾನದ ಕಡೆ ಹೋಗುವ ಬೀದಿಯಲ್ಲಿ ಒಂದು ಸಣ್ಣ ಓಣಿ, ಓಣಿಯಲ್ಲೊಂದು ದರ್ಜಿ ಅಂಗಡಿ, ಅದರ ಮೇಲಿನ ಮಹಡಿಯಲ್ಲಿ ಅವರ ಟೈಪಿಂಗ್ ಇನ್‌ಸ್ಟಿಟ್ಯೂಟು. ಒಂದು ಕಾಲಕ್ಕೆ ಹನ್ನೊಂದು ಟೈಪ್‌ರೈಟರುಗಳಿದ್ದವಂತೆ. ಬೆಳಿಗ್ಗೆ ಏಳಕ್ಕೆ ಶುರುವಾದರೆ ಕೆಳಗೆ ದರ್ಜಿಯ ಮಿಷನ್ನು, ಮೇಲೆ ಇವರ ಮಿಷನ್ನುಗಳು, ಓಣಿಯಲ್ಲಿ ಇಬ್ಬರು ಮಾತಾಡಬೇಕಾದರೆ ಕಿವಿಯ ಹತ್ತಿರ ಬಾಯಿ ತರಬೇಕಿತ್ತು. ಕಲಿಯಲು ಬರುತ್ತಿದ್ದವರು ಕೋರ್ಟಿನಲ್ಲಿ ನಕಲು ಕೆಲಸ ಬಯಸುವವರು, ತಾಲ್ಲೂಕು ಕಚೇರಿಯ ಕನಸು ಕಾಣುವವರು, ಮದುವೆ ಗೊತ್ತಾಗುವ ತನಕ ಮನೆಯಲ್ಲಿ ಕೂರಲಾರದ ನನ್ನಂಥ ಹುಡುಗಿಯರು. ನಾನು ಗೆಂಡೆಹಳ್ಳಿಯಿಂದ ಬೆಳಗಿನ ಬಸ್ಸಿಗೆ ಬರುತ್ತಿದ್ದೆ. ಬಿ.ಎ. ಮುಗಿಸಿ ಕಲಿಯಲೆಂದು ಹೋದವಳು, ಎರಡು ಪರೀಕ್ಷೆ ಪಾಸಾದ ಮೇಲೆ ಅಲ್ಲಿಯೇ ಕಲಿಸುವವಳಾಗಿ ಉಳಿದೆ.

ಹೊಗಳಿಕೆಯ ವಿಷಯದಲ್ಲಿ ಮೇಡಂ ಭಾರಿ ಜಿಪುಣರು. ಬೇರೆ ಕಡೆ ತಪ್ಪಿದ್ದಲ್ಲಿ ಕೆಂಪು ಸುತ್ತು ಹಾಕುತ್ತಾರೆ. ಇವರದು ತಿರುಗುಮುರುಗು. ತಪ್ಪಿಲ್ಲದ ಸಾಲಿನ ಪಕ್ಕ ಮಾತ್ರ ಕೆಂಪು ಪೆನ್ಸಿಲಿನಿಂದ ಒಂದು ಸಣ್ಣ ಸರಿ ಗುರುತು. ಗುರುತಿಲ್ಲದ ಸಾಲಿನಲ್ಲಿ ತಪ್ಪೆಲ್ಲಿದೆ ಎಂದು ನಾವೇ ಹುಡುಕಿಕೊಳ್ಳಬೇಕು. ಇಡೀ ಪುಟಕ್ಕೆ ಒಂದೂ ಗುರುತಿಲ್ಲದೆ ಎಷ್ಟು ದಿನ ಮನೆಗೆ ಹೋಗಿದ್ದೇನೋ ಲೆಕ್ಕವಿಲ್ಲ. ಒಂದೇ ಪುಟದಲ್ಲಿ ನಾಲ್ಕು ಗುರುತು ಬಿದ್ದ ದಿನ ನಮ್ಮಜ್ಜಿ ಶಾವಿಗೆ ಪಾಯಸ ಮಾಡಿದ್ದಳು. ಓದು ಬರಹ ಬಾರದ ಅಜ್ಜಿ ಆ ಹಾಳೆಯನ್ನು ತಲೆಕೆಳಗಾಗಿ ಹಿಡಿದು, “ಕೆಂಪ್ಗೆ ನಾಕ್ ಗಿಳಿ ಮೂಗು ಕೂತವೆ ಕಣೆ” ಅಂದಿದ್ದಳು. ಅಂದಿನಿಂದ ನನಗೆ ಆ ಗುರುತೆಂದರೆ ಗಿಳಿಮೂಗೇ.

ಅವರ ಇನ್ನೊಂದು ಪದ್ಧತಿಯನ್ನು ನಾನು ಮತ್ತೆಲ್ಲೂ ಕಾಣಲಿಲ್ಲ. ಪ್ರತಿಯೊಂದು ಟೈಪ್‌ರೈಟರಿನ ಪಕ್ಕದ ಮೊಳೆಗೆ ದಾರ ಕಟ್ಟಿ ಒಂದೊಂದು ನೋಟ್‌ಪುಸ್ತಕ ತೂಗುಹಾಕಿದ್ದರು. ಅದಕ್ಕೆ ‘ಜಾತಕ’ ಎಂದೇ ಹೆಸರು. ಸಂಜೆ ಮುಚ್ಚುವ ಮುಂಚೆ ಆ ಮಿಷನ್ನಿನ ಮೇಲೆ ಕೊನೆಗೆ ಕೂತವರು ಅವತ್ತು ಅದು ಹೇಗಿತ್ತು ಎಂದು ಒಂದು ಸಾಲು ಬರೆಯಬೇಕು. ‘ಎಸ್ ಅಂಟುತ್ತದೆ’, ‘ರಿಬ್ಬನ್ ತೆಳುವಾಗಿದೆ’, ‘ನಾನು ಕೆಳಗೆ ಬೀಳಿಸಿದೆ, ಗಂಟೆ ಹೊಡೆಯುತ್ತಿಲ್ಲ’. ಬರೆಯುವಾಗ ಸಾಲು ಬಿಡುವಂತಿಲ್ಲ. ಯಾಕೆ ಮೇಡಂ ಎಂದು ಒಮ್ಮೆ ಕೇಳಿದ್ದೆ.

“ಖಾಲಿ ಸಾಲು ಬಿಟ್ರೆ ನಾಳೆ ಯಾರು ಬೇಕಾದ್ರೂ ಅಲ್ಲಿ ಏನ್ ಬೇಕಾದ್ರೂ ತುರುಕ್ತಾರೆ ಕಣೇ. ಪಾಪ, ಮಿಷನ್ನಿಗೆ ಬಾಯಿಲ್ಲ. ಅದರ ಪರವಾಗಿ ಮಾತಾಡೋಕೆ ಇರೋದು ಈ ಪುಸ್ತಕ ಒಂದೇ.”

ತೊಂಬತ್ತರ ದಶಕದ ಕೊನೆಗೆ ಬೇಲೂರಿಗೂ ಕಂಪ್ಯೂಟರ್ ಬಂತು. ಬಸ್ ನಿಲ್ದಾಣದ ಎದುರಿಗೆ ಗಾಜಿನ ಬಾಗಿಲಿನ ಹೊಸ ಕೇಂದ್ರವೊಂದು ತೆರೆಯಿತು. ನಾಲ್ಕು ಕಂಪ್ಯೂಟರು, ಒಳಗೆ ಹೋಗುವಾಗ ಚಪ್ಪಲಿ ಬಿಡಬೇಕು. ನಮ್ಮ ಮಹಡಿಯ ಸದ್ದು ತಿಂಗಳಿಂದ ತಿಂಗಳಿಗೆ ಇಳಿಯುತ್ತಾ ಬಂತು. “ಏನ್ ಮೇಡಂ, ನಿಮ್ ಸದ್ದಿಲ್ದೆ ನಂಗೆ ನಿದ್ದೆ ಬತ್ತಾ ಐತೆ” ಎಂದು ಕೆಳಗಿನ ದರ್ಜಿ ಛೇಡಿಸಿದರೆ ಮೇಡಂ ನಗುತ್ತಿದ್ದರು. ಕೊನೆಗೊಂದು ದಿನ ನಾಲ್ಕು ಟೈಪ್‌ರೈಟರುಗಳನ್ನು ಮಾರಿದರು. ಕೈಗಾಡಿಗೆ ಏರಿಸುವ ಮುಂಚೆ ನಾಲ್ಕಕ್ಕೂ ಎಣ್ಣೆ ಹಾಕಿ, ಜಾತಕಗಳನ್ನು ಕೊಂಡವನ ಕೈಗೆ ಕೊಟ್ಟು, “ಮೂರನೇದು ಮಳೆಗಾಲದಲ್ಲಿ ಸ್ವಲ್ಪ ಬಿಗಿಯಾಗತ್ತೆ, ಬೈಬೇಡಿ” ಎಂದರು. ಮಗಳನ್ನು ಗಂಡನ ಮನೆಗೆ ಕಳಿಸುವಾಗಲೂ ಯಾರೂ ಇಷ್ಟು ಹೇಳುವುದಿಲ್ಲ.

ಆ ಶ್ರಾವಣದಲ್ಲಿ ಹಾಸನದ ಒಂದು ಅಂಗಡಿಯಿಂದ ನಮ್ಮ ಕಂಪ್ಯೂಟರ್ ಬಂತು. ಒಂದೇ ಒಂದು. ಅದಕ್ಕೊಂದು ಮುದ್ರಿಸುವ ಪ್ರಿಂಟರು, ಒಂದು ವರ್ಷದ ವಾರಂಟಿ. ಏಳು ಜನ ಸೇರಿ ಮೊದಲ ಬ್ಯಾಚ್ ಆಯಿತು. ಈ ಏಳು ಜನ ಕಲಿತು ಹೊರಬಿದ್ದು ನಾಲ್ಕು ಮಂದಿಗೆ ಹೇಳಿದರೆ ಇನ್‌ಸ್ಟಿಟ್ಯೂಟು ಉಳಿಯುತ್ತದೆ, ಇಲ್ಲವಾದರೆ ದೀಪಾವಳಿ ಕಳೆದ ಮೇಲೆ ಬಾಗಿಲು ಹಾಕುವುದೇ ಎಂದು ಮೇಡಂ ನನಗೊಬ್ಬಳಿಗೆ ಹೇಳಿದ್ದರು. ಇನ್ನೊಂದು ಕಂಪ್ಯೂಟರ್ ತರುವ ಶಕ್ತಿ ಅವರಿಗೆ ಖಂಡಿತ ಇರಲಿಲ್ಲ. ಕಂಪ್ಯೂಟರಿನ ಪಕ್ಕಕ್ಕೂ ಒಂದು ಮೊಳೆ, ಒಂದು ದಾರ, ಒಂದು ಜಾತಕ ಬಂತು. ಎರಡನೆಯ ವಾರದಿಂದಲೇ ಅದರಲ್ಲಿ ಒಂದು ದೂರು ಕಾಣಿಸಿಕೊಂಡಿತು: ‘ಪರದೆಯ ಮೇಲ್ಭಾಗ ನಡುಗಿ ಕುಗ್ಗುತ್ತದೆ. ಮೆಲ್ಲಗೆ ತಟ್ಟಿದೆವು, ಸರಿಹೋಯಿತು.’ ಹೊಸ ಸೊಸೆ, ಹೊಂದಿಕೊಳ್ಳಲು ಟೈಮ್ ಬೇಕು ಎಂದು ನಾವು ನಕ್ಕೆವು. ಆದರೂ ಬರೆದೆವು.

ಇನ್ನು ನನ್ನ ಕಥೆ. ಮೇಡಂ ಬುದ್ಧನನ್ನು ನಂಬಿದ ಮನೆಯವರು. ಅವರ ಮೇಜಿನ ಹಿಂದಿನ ಗೋಡೆಯಲ್ಲಿ ಒಂದು ಸಣ್ಣ ಬುದ್ಧನ ಪಟವಿತ್ತು, ಅದಕ್ಕೆ ಹೂವೂ ಇಲ್ಲ, ಊದುಬತ್ತಿಯೂ ಇಲ್ಲ. ಆಯುಧಪೂಜೆಯ ದಿನ ಅವರು ಮಿಷನ್ನುಗಳನ್ನು ಬಿಚ್ಚಿ ಒರೆಸಿ ಎಣ್ಣೆ ಹಾಕುತ್ತಿದ್ದರು, ಅದೇ ಅವರ ಪೂಜೆ. ಆ ವರ್ಷ ಹಟ ಹಿಡಿದವಳು ನಾನು. ಹೊಸ ಕಂಪ್ಯೂಟರು ಬಂದಿದೆ, ಇಷ್ಟೆಲ್ಲ ಕಷ್ಟ ಇದೆ, ಒಂದು ಕಾಯಿಯಾದರೂ ಒಡೆಯೋಣ ಮೇಡಂ ಎಂದೆ. “ನಿನ್ ಸಮಾಧಾನಕ್ಕೆ ಮಾಡ್ಕೊ, ನಾನ್ ಬೇಡ ಅನ್ನಲ್ಲ” ಎಂದು ಅವರು ಎಣ್ಣೆ ಡಬ್ಬಿ ಹಿಡಿದು ಆ ತುದಿಗೆ ಹೋಗಿ ಬೆನ್ನು ಮಾಡಿ ಕೂತರು.

ಗಂಡಸಿಯ ನಮ್ಮ ಚಿಕ್ಕಮ್ಮ ಕಳಿಸಿದ್ದ ಕಾಯಿ. ಅರಸೀಕೆರೆ ಸೀಮೆಯ ಕಾಯಿ ಎಂದರೆ ಕೇಳಬೇಕೆ, ಒಳಗೆ ಒಂದು ಚೊಂಬು ನೀರು. ಕಬ್ಬಿಣದ ಸ್ಟ್ಯಾಂಡಿಗೆ ಒಂದೇ ಏಟು ಹೊಡೆದೆ. ಎರಡು ಹೋಳನ್ನೂ ಎತ್ತಿ ಮಾನಿಟರಿಗೆ ನಿವಾಳಿಸಲು ಹೋದಾಗ ಕೈ ಜಾರಿತು. ನೀರು ನೇರವಾಗಿ ಮಾನಿಟರಿನ ನೆತ್ತಿಯ ಮೇಲೆ, ಗಾಳಿಯಾಡಲೆಂದು ಬಿಟ್ಟಿದ್ದ ಸೀಳುಗಳ ಹತ್ತಿರ ಚೆಲ್ಲಿತು. ಸೆರಗಿನಲ್ಲಿ ಒರೆಸಿದೆ, ಒರೆಸಿದ ಜಾಗದ ಮೇಲೆ ಸೇವಂತಿಗೆ ಹಾರ ಇಟ್ಟೆ. ತಿರುಗಿ ನೋಡಿದರೆ ಮೇಡಂ ಬೆನ್ನು ಹಾಗೆಯೇ ಇತ್ತು. ಸಂಜೆ ಜಾತಕದಲ್ಲಿ ಬರೆದೆ: ‘ಆಯುಧಪೂಜೆ ಆಯಿತು. ಎಲ್ಲ ಸರಿಯಾಗಿದೆ.’

ನಾಲ್ಕನೆಯ ದಿನ ಬೆಳಿಗ್ಗೆ ಏಳೂ ಜನ ಸುತ್ತ ನಿಂತಿದ್ದಾಗ ಪರದೆ ಒಮ್ಮೆ ನಡುಗಿ, ಮೇಲಿನಿಂದಲೂ ಕೆಳಗಿನಿಂದಲೂ ಮುದುಡಿಕೊಂಡು ನಟ್ಟನಡುವೆ ಒಂದು ಬಿಳಿ ಗೆರೆಯಾಗಿ ನಿಂತಿತು. ತಟ್ಟಿದೆವು. ಆರಿಸಿ ಹಾಕಿದೆವು. ಗೆರೆ ಗೆರೆಯೇ. ಟಿವಿ ರಿಪೇರಿಯವನು ಸುದ್ದಿ ಕೇಳಿ ಮಹಡಿ ಹತ್ತಿ ಬಂದ. “ಬಿಚ್ಲಾ ಮೇಡಂ? ಹತ್ ನಿಮ್ಸದ ಕೆಲ್ಸ.” ಮೇಡಂ ಹಿಂಬದಿಯ ತಿರುಪಿನ ಮೇಲೆ ಅಂಟಿಸಿದ್ದ ಕಾಗದದ ಮುದ್ರೆ ತೋರಿಸಿದರು. “ಇದು ಹರಿದ್ರೆ ವಾರಂಟಿ ಮುಗೀತು ಕಣಪ್ಪ. ಅವರು ಕೊಟ್ಟ ಮಾತು ಅವರೇ ಉಳಿಸಿಕೊಳ್ಳಲಿ.”

ಎಸ್‌ಟಿಡಿ ಬೂತಿನಿಂದ ಅಂಗಡಿಗೆ ಫೋನು ಮಾಡಿದರು. ಬಿಲ್ಲು, ವಾರಂಟಿ ಕಾರ್ಡು, ಡಬ್ಬ, ಡಬ್ಬದ ಒಳಗಿನ ಥರ್ಮೋಕೋಲು ಎಲ್ಲವೂ ಇದ್ದರೆ ಮಾತ್ರ ತನ್ನಿ ಎಂದರಂತೆ. ಡಬ್ಬ ಅಟ್ಟದ ಮೇಲಿತ್ತು. ಥರ್ಮೋಕೋಲು ಎಲ್ಲಿ? ಇಬ್ಬರೂ ಮುಖ ಮುಖ ನೋಡಿಕೊಂಡೆವು. ಗಣೇಶನ ಹಬ್ಬಕ್ಕೆ ಓಣಿಯವರು ಮಂಟಪ ಕಟ್ಟುತ್ತೇವೆಂದು ಕೇಳಿದಾಗ ಮೇಡಮ್ಮೇ ಎತ್ತಿ ಕೊಟ್ಟಿದ್ದರು! ಓಡಿ ಹೋಗಿ ನೋಡಿದರೆ ಮಂಟಪ ದರ್ಜಿಯ ಅಂಗಡಿಯ ಹಿಂದೆ ಗೋಡೆಗೆ ಒರಗಿ ನಿಂತಿತ್ತು. ಗುಲಾಬಿ ಬಣ್ಣ, ಅಂಚಿಗೆಲ್ಲ ಮಿಂಚಿನ ಪುಡಿ, ನಡುವೆ ಓಂಕಾರ.

“ಓಂಕಾರ ಕೆರೆದು ಕೊಡ್ಲಾ ಮೇಡಂ?” ದರ್ಜಿ ಕತ್ತರಿ ಹಿಡಿದು ನಿಂತ.

“ಬೇಡಪ್ಪ. ಕೆರೆಯೋಕೆ ಹೋಗಿ ಮುರಿದೀಯ. ಹಿಂಗೇ ಇರ್ಲಿ.”

ಮಾರನೆಯ ಬೆಳಿಗ್ಗೆ ಮಾನಿಟರನ್ನು ಮಂಟಪದೊಳಗೆ ಕೂರಿಸಿ, ಡಬ್ಬದಲ್ಲಿಟ್ಟು, ಹಗ್ಗ ಬಿಗಿದು, ಜಾತಕವನ್ನು ಬ್ಯಾಗಿಗೆ ಹಾಕಿಕೊಂಡು ನಾವಿಬ್ಬರೂ ಹಾಸನದ ಬಸ್ಸು ಹತ್ತಿದೆವು. ಡಬ್ಬವನ್ನು ಇಬ್ಬರ ತೊಡೆಯ ಮೇಲೆ ಅಡ್ಡ ಇಟ್ಟುಕೊಂಡಿದ್ದೆವು. ಹಗರೆ ತಲುಪುವಷ್ಟರಲ್ಲಿ ಹಿಂದಿನ ಚಕ್ರ ಪಂಕ್ಚರ್. ಎಲ್ಲರೂ ಇಳಿದೆವು. ರಸ್ತೆ ಬದಿಯ ಕಲ್ಲುಬೆಂಚಿನ ಮೇಲೆ ಡಬ್ಬ ಇಟ್ಟು ಅದರ ಆಚೆಗೊಬ್ಬರು ಈಚೆಗೊಬ್ಬರು ಕೂತೆವು. ಹಾಲಿನ ಕ್ಯಾನು ಹಿಡಿದು ಹೊರಟಿದ್ದ ಒಬ್ಬ ಮುದುಕಪ್ಪ ನಿಂತು ನೋಡಿದ.

“ಏನವ್ವಾ, ಟಿವಿನಾ? ಯಾವ್ ಯಾವ್ ಚಾನಲ್ ಬತ್ತವೆ?”

“ಚಾನಲ್ ಬರಲ್ಲ ಕಣಪ್ಪ, ಕಂಪ್ಯೂಟರಿಂದು. ಈಗ ಒಂದು ಗೆರೆ ಬರ್ತಿದೆ.”

“ಗೆರೆನಾದ್ರೂ ಬತ್ತೈತಲ್ಲ. ನಮ್ಮನೇದ್ರಲ್ಲಿ ಅದೂ ಇಲ್ಲ” ಎಂದು ಮುದುಕಪ್ಪ ನಕ್ಕು ಡೈರಿ ಕಡೆ ಹೋದ.

ಮೇಡಂ ನಕ್ಕರು. ನನಗೆ ನಗು ಬರಲಿಲ್ಲ. ಸುಮ್ಮನಿರಲಾರದೆ ಏನೇನೋ ಮಾತಾಡತೊಡಗಿದೆ. ಕಂಪನಿಯವರದೇ ತಪ್ಪು ಮೇಡಂ, ನಾವೇನು ಮಾಡಿದ್ದೇವೆ, ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಂಡಿದ್ದೇವೆ, ಒಂದು ಹನಿ ನೀರು ತಾಗಿಸಿಲ್ಲ... ಡಬ್ಬದ ಮೇಲೆ ಓಡುತ್ತಿದ್ದ ಅವರ ಬೆರಳುಗಳು ನಿಂತುಬಿಟ್ಟವು.

ರಸ್ತೆಯಾಚೆ ಬಸ್ಸಿನ ಚಕ್ರ ಬಿಚ್ಚುವ ಸದ್ದು. ಅವರು ನನ್ನ ಮುಖ ನೋಡುತ್ತಿರಲಿಲ್ಲ, ರಸ್ತೆ ನೋಡುತ್ತಿದ್ದರು. ನನಗೆ ಅಳು ಬಂತು. “ಮೇಡಂ, ಪೂಜೆ ದಿನ ಕಾಯಿ ನೀರು ಬಿತ್ತು. ನಾನೇ ಬೀಳ್ಸಿದ್ದು. ನೀವ್ ಬೇಡ ಅಂದಿದ್ರೆ ಚೆನ್ನಾಗಿತ್ತು, ನಾನೇ ಹಟ ಮಾಡ್ದೆ. ಇನ್‌ಸ್ಟಿಟ್ಯೂಟು ಮುಚ್ಚಿದ್ರೆ ಅದು ನನ್ನಿಂದ್ಲೇ.”

ಬೆರಳುಗಳು ಮತ್ತೆ ನಿಧಾನವಾಗಿ ಆಡತೊಡಗಿದವು. ನಾನು ಹೇಳಿದ್ದನ್ನು ಕೊನೆಯ ಅಕ್ಷರದವರೆಗೆ ಬರೆದು ಮುಗಿಸಿ ಅವರು ಬ್ಯಾಗಿನಿಂದ ಜಾತಕ ತೆಗೆದರು. ಆಯುಧಪೂಜೆಯ ದಿನದ ಪುಟ ಬಿಡಿಸಿ ನನ್ನ ಮುಂದಿಟ್ಟರು. ‘ಎಲ್ಲ ಸರಿಯಾಗಿದೆ’ ಎಂಬ ನನ್ನ ಸಾಲು. ಅದರ ಕೆಳಗೆ ಎರಡು ಸಾಲು ಖಾಲಿ. ಅದಾದ ಮೇಲೆ ಮಾರನೆಯ ದಿನದ ಅವರ ಬರಹ. ಇಷ್ಟು ವರ್ಷದ ಯಾವ ಜಾತಕದಲ್ಲೂ ಅವರು ಒಂದು ಸಾಲು ಬಿಟ್ಟವರಲ್ಲ.

“ಸೆರಗು ಒದ್ದೆ ಆಗಿತ್ತಲ್ಲೇ ಅವತ್ತು. ಕಾಯಿ ನೀರಿನ ವಾಸ್ನೆ ಬರ್ತಿತ್ತು” ಎಂದರು. “ಇವತ್ತು ಬರೀತಾಳೆ, ನಾಳೆ ಬರೀತಾಳೆ ಅಂತ ಜಾಗ ಬಿಟ್ಟಿದ್ದೆ. ತಗೊ.”

ಪೆನ್ನು ಕೊಟ್ಟರು. ತೊಡೆಯ ಮೇಲೆ ಪುಸ್ತಕವಿಟ್ಟುಕೊಂಡು ಬರೆಯಲು ಹೋದರೆ ಕೈ ನಡುಗುತ್ತಿತ್ತು. ಅವರು ತಡೆದರು.

“ಇವತ್ತಿನ ತಾರೀಖು ಹಾಕು. ಅವತ್ತೇ ಬರೆದ ಹಾಗೆ ಕಾಣಬಾರದು.”

ಬರೆದೆ. ಅವರು ಪುಸ್ತಕ ಮುಚ್ಚಿ ಬ್ಯಾಗಿಗೆ ಹಾಕಿದರು. ಆಮೇಲೆ ಎದುರಿನ ಗೂಡಂಗಡಿಯಿಂದ ಎರಡು ಟೀ ತಂದರು. ಅವರು ಟೀಗೆ ಸಕ್ಕರೆ ಹಾಕಿಸಿಕೊಳ್ಳುವವರಲ್ಲ, ನನ್ನದಕ್ಕೆ ಎರಡು ಚಮಚ ಹಾಕಿಸಿದ್ದರು.

ಹಾಸನದ ಅಂಗಡಿಯ ಮಾಲೀಕರು ಡಬ್ಬ ಬಿಚ್ಚಿದವರೇ ಹಿಂದೆ ಸರಿದರು. “ಇದೇನ್ರೀ ಇದು! ಪಿಂಕ್ ಕಲರು, ಮಿಂಚು, ಓಂ ಬೇರೆ!”

“ಗಣಪತಿ ಕೂತಿದ್ದ ಸ್ವಾಮಿ” ಎಂದರು ಮೇಡಂ. “ಅವನ ಭಾರ ತಡ್ಕೊಂಡಿದ್ದು ನಿಮ್ ಮಾನಿಟರ್ ಭಾರ ತಡ್ಕೊಳ್ಳಲ್ವಾ?”

ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ಮಾಲೀಕರೂ ನಕ್ಕು ಒಂದು ಫಾರಂ ಮುಂದಿಟ್ಟರು. ಮೇಡಂ ಒಂದೊಂದೇ ತುಂಬುತ್ತಾ ಬಂದರು. ನಡುವೆ ಒಂದು ಪ್ರಶ್ನೆ: ಯಂತ್ರದ ಮೇಲೆ ನೀರು ಅಥವಾ ಬೇರೆ ದ್ರವ ಬಿದ್ದಿದೆಯೇ? ಅವರ ಪೆನ್ನು ‘ಹೌದು’ ಎಂಬಲ್ಲಿಗೆ ಹೋಗುತ್ತಿರುವುದನ್ನು ಕಂಡು ಮಾಲೀಕರು ಕೈ ಅಡ್ಡ ಹಿಡಿದರು.

“ಮೇಡಂ ಮೇಡಂ, ಅಲ್ಲಿ ‘ಇಲ್ಲ’ ಅಂತ ಹಾಕ್ಬಿಡಿ. ಎಲ್ರೂ ಹಂಗೇ ಹಾಕೋದು. ನಿಮ್ ಒಳ್ಳೇದಕ್ಕೇ ಹೇಳ್ತಿರೋದು.”

ಗಾಜಿನ ಮೇಜಿನ ಮೇಲಿದ್ದ ಅವರ ಎಡಗೈ ಬೆರಳುಗಳು ನಿಂತವು. “ಬಿದ್ದಿದೆಯಲ್ಲ.”

“ಬಿದ್ದಿರ್ಬೋದು, ಈಗ ಒಣಗಿದೆ. ಯಾರ್ ನೋಡಿದ್ರು?”

“ನಾವ್ ನೋಡಿದ್ದೀವಿ. ಪುಸ್ತಕದಲ್ಲಿ ಬರ್ದೂ ಇದ್ದೀವಿ.”

“ಬರ್ದಿದ್ದೀರಾ!” ಮಾಲೀಕರು ಹಣೆ ಮೇಲೆ ಕೈಯಿಟ್ಟುಕೊಂಡರು. “ಹಂಗಾದ್ರೆ ವಾರಂಟಿ ಆಸೆ ಬಿಟ್ಬಿಡಿ. ಮನೆಗ್ ತಗೊಂಡ್ಹೋಗಿ ಮತ್ತೆ ಗಣಪತಿನೇ ಕೂರ್ಸಿ.”

ಮೇಡಂ ‘ಹೌದು’ ಎಂಬುದಕ್ಕೆ ಗುರುತು ಹಾಕಿದರು. ಪಕ್ಕದಲ್ಲಿ ಸ್ಪಷ್ಟವಾಗಿ ಬರೆದರು: ‘ನಮ್ಮ ಸಂಸ್ಥೆಯಲ್ಲಿ ಪೂಜೆ ಮಾಡುವಾಗ ತೆಂಗಿನಕಾಯಿಯ ನೀರು ಬಿದ್ದಿದೆ.’ ನನ್ನ ಹೆಸರಿಲ್ಲ. ಪೂಜೆ ಮಾಡದವರು ಪೂಜೆಯ ತಪ್ಪನ್ನು ತಮ್ಮ ಮೇಲೆ ಹಾಕಿಕೊಂಡರು. ಆ ಕ್ಷಣ ನೆಲ ಬಿರಿದಿದ್ದರೆ ನಾನು ಒಳಗೆ ಹೋಗುತ್ತಿದ್ದೆ.

ಅಂಗಡಿಯ ಹಿಂಭಾಗದಿಂದ ರಿಪೇರಿ ಇಂಜಿನಿಯರ್ ಬಂದರು. ಸಣಕಲು ಆಳು, ಕನ್ನಡಕ ಹಣೆಯ ಮೇಲೆ, ಕಿವಿಯ ಸಂದಿಯಲ್ಲಿ ಸ್ಕ್ರೂ ಡ್ರೈವರು. ಮೇಡಂ ಅವರ ಕೈಗೆ ಜಾತಕ ಕೊಟ್ಟು, “ಮೊದಲನೇ ಪುಟದಿಂದ ಓದಿ” ಎಂದರು. ಅವರು ನಿಂತೇ ಓದಲು ಶುರು ಮಾಡಿದರು. ಆಮೇಲೆ ಸ್ಟೂಲು ಎಳೆದುಕೊಂಡರು.

“ಇಲ್ಲಿ ‘ಮೆಲ್ಲಗೆ ತಟ್ಟಿದೆವು’ ಅಂತಿದೆ. ಎಷ್ಟು ಮೆಲ್ಲಗೆ?”

ಮೇಡಂ ಎರಡು ಬೆರಳಿನಿಂದ ಮೇಜು ತಟ್ಟಿ ತೋರಿಸಿದರು. “ಮಗು ಬೆನ್ನು ತಟ್ಟೋ ಹಾಗೆ.”

“ತಟ್ಟಿದ್ರೆ ಸರಿ ಹೋಗ್ತಿತ್ತಾ?”

“ಹದಿನೇಳು ಸಲ ಹೋಯ್ತು. ಹದಿನೆಂಟನೇ ಸಲ ಹೋಗ್ಲಿಲ್ಲ. ಎಲ್ಲಾ ಇದೆ ನೋಡಿ ಅದ್ರಲ್ಲಿ. ಪೂಜೆಗೆ ಮುಂಚೆನೇ ಹದಿನಾಲ್ಕು ಸಲ ಆಗಿದೆ.”

ಇಂಜಿನಿಯರ್ ಪುಟ ತಿರುವಿ ನನ್ನ ಸಾಲಿಗೆ ಬಂದರು. ಎರಡು ಸಲ ಓದಿರಬೇಕು. ತಲೆ ಎತ್ತಿ ಮಾಲೀಕರನ್ನು ನೋಡಿದರು. “ಸಾರ್, ದಿನಾ ಬರೋರೆಲ್ಲ ‘ನಾವೇನೂ ಮಾಡಿಲ್ಲ, ಸುಮ್ನೆ ಕೂತಿತ್ತು, ತಾನೇ ಕೆಟ್ಟೋಯ್ತು’ ಅಂತಾರೆ. ತಮ್ ವಿರುದ್ಧ ತಾವೇ ಸಾಕ್ಷಿ ಬರ್ಕೊಂಡು ಬಂದೋರು ಇವರೊಬ್ರೇ. ಕಾಯಿ ನೀರಿನ ವಿಷಯ ಮುಚ್ಚಿಡದೋರು ಈ ನಡುಕದ ವಿಷಯ ಯಾಕೆ ಸುಳ್ಳು ಬರೀತಾರೆ? ಬಿಚ್ಚಿ ನೋಡ್ತೀನಿ.”

ಬಿಚ್ಚಲು ಅರ್ಧ ಗಂಟೆ, ನೋಡಲು ಇನ್ನರ್ಧ ಗಂಟೆ. ನಾನು ಕೂತ ಕಡೆ ಕೂರಲಾರದೆ ಅಂಗಡಿಯ ಕ್ಯಾಲೆಂಡರಿನ ತಿಥಿಗಳನ್ನೆಲ್ಲ ಓದಿ ಮುಗಿಸಿದೆ. ಮೇಡಂ ಮಾತ್ರ ಯಾರದೋ ಬಿಲ್ಲಿನ ಕಾಗದ ಹಿಡಿದು ಅದರ ಅಕ್ಷರದೋಷ ಎಣಿಸುತ್ತಿದ್ದರು. ಕೊನೆಗೆ ಇಂಜಿನಿಯರ್ ನಮ್ಮನ್ನು ಒಳಗೆ ಕರೆದು ಭೂತಗನ್ನಡಿ ಕೊಟ್ಟರು. ನೀರು ಹೊರಗಿನ ಪ್ಲಾಸ್ಟಿಕ್ಕಿನ ಗೋಡೆಗುಂಟ ಇಳಿದು ಅಲ್ಲೇ ಒಣಗಿ ಒಂದು ಬೆಳ್ಳನೆಯ ಕಲೆಯಾಗಿತ್ತು. ಒಳಗಿನ ಸರ್ಕ್ಯೂಟ್ ಹಲಗೆಯ ತನಕ ಹೋಗಿರಲಿಲ್ಲ. ಹಲಗೆಯ ಇನ್ನೊಂದು ಮೂಲೆಯಲ್ಲಿ, ಸೀಸದ ಬೆಸುಗೆಯ ಸುತ್ತ, ಕೂದಲೆಳೆಯಷ್ಟು ಬಿರುಕು. ತಯಾರಾದಾಗಲೇ ಬೆಸುಗೆ ಸರಿಯಾಗಿ ಕೂತಿಲ್ಲ, ಬಿಸಿಯಾದಾಗ ಬಿಡುತ್ತದೆ, ತಟ್ಟಿದರೆ ಕೂಡುತ್ತದೆ ಎಂದರು. “ನಾನೇ ಬೆಸುಗೆ ಹಾಕ್ಬೋದು. ಆದ್ರೆ ನಿಮಗೆ ಹೊಸದು ಬರಬೇಕಾದ್ದು ನ್ಯಾಯ. ಈ ಪುಸ್ತಕದ ಪುಟಗಳನ್ನೆಲ್ಲ ಜೆರಾಕ್ಸ್ ಮಾಡಿ ನನ್ ರಿಪೋರ್ಟ್ ಜೊತೆ ಕಂಪನಿಗೆ ಕಳಿಸ್ತೀನಿ. ಕಾಯಿ ನೀರಿನ ಪುಟಾನೂ ಸೇರ್ಸಿ.”

ಮೇಡಂ ಕೈ ಮುಗಿದರು. ನಾನು ಗೋಡೆಯ ಕಡೆ ತಿರುಗಿ ಕಣ್ಣೊರೆಸಿಕೊಂಡೆ.

ಆದರೆ ಕಂಪನಿಯ ಉತ್ತರ ಬರಲು ಮೂರು ವಾರ ಬೇಕಾಯಿತು. ಮಾನಿಟರ್ ಹಾಸನದಲ್ಲಿ, ಏಳು ಜನ ಬೇಲೂರಿನಲ್ಲಿ. ಮೊದಲ ದಿನವೇ ಇಬ್ಬರು ಗಾಜಿನ ಬಾಗಿಲಿನ ಕಡೆ ಹೋದರು. ಉಳಿದ ಐವರು ಮಾರನೆಯ ಬೆಳಿಗ್ಗೆ ಬಂದು ಖಾಲಿ ಮೇಜು ನೋಡಿ ನಿಂತಾಗ ಮೇಡಂ ಕರಿಹಲಗೆಯ ಮೇಲೆ ದೊಡ್ಡದೊಂದು ಚೌಕ ಬರೆದಿದ್ದರು.

“ಇದೇ ಪರದೆ. ಯಾಕ್ ಹಂಗೆ ನೋಡ್ತೀರಿ? ಟೈಪ್‌ರೈಟರಿನಲ್ಲಿ ಕಲೀವಾಗ ಬೆರಳು ನೋಡ್ತಿದ್ರಾ? ಇಲ್ಲ ತಾನೆ? ಈಗ ಪರದೆ ನೋಡ್ದೆ ಕಲೀರಿ.”

ಕಂಪ್ಯೂಟರನ್ನು ಚಾಲೂ ಮಾಡಿದ ಮೇಲೆ ಯಾವ ಗುಂಡಿಯ ನಂತರ ಯಾವ ಗುಂಡಿ, ಆಗ ಪರದೆಯಲ್ಲಿ ಏನು ಬರುತ್ತದೆ ಎಂಬುದನ್ನೆಲ್ಲ ಅವರು ಜಾತಕದ ಹಿಂದಿನ ಪುಟಗಳಲ್ಲಿ ಗುರುತು ಹಾಕಿಟ್ಟಿದ್ದ ಪಾಠಗಳಿಂದಲೂ ನೆನಪಿನಿಂದಲೂ ಎತ್ತಿ ಹಲಗೆಯ ಮೇಲೆ ಬರೆಯುತ್ತಿದ್ದರು. ಒಬ್ಬರು ಕಣ್ಣು ಮುಚ್ಚಿದವರ ಹಾಗೆ ಕೀಲಿಮಣೆ ಒತ್ತುವುದು, ಉಳಿದವರು ಹಲಗೆ ನೋಡಿ, “ಈಗ ಹೆಸರು ಕೇಳ್ತಾ ಇದೆ”, “ಈಗ ಸೇವ್ ಆಯ್ತು” ಎಂದು ಕೂಗುವುದು. ಕಡೆಗೆ ಪ್ರಿಂಟರಿಗೆ ಆಜ್ಞೆ. ಎಲ್ಲರೂ ಪ್ರಿಂಟರಿನ ಬಾಯಿ ನೋಡುತ್ತಿದ್ದೆವು. ಮೊದಲ ಎರಡು ದಿನ ಏನೂ ಬರಲಿಲ್ಲ. ಮೂರನೆಯ ದಿನ ಕರಕರ ಎಂದು ಕಾಗದ ಹೊರಬಂತು. ಅರ್ಜಿಯೊಂದರ ಎಂಟು ಸಾಲು, ಅದರಲ್ಲಿ ಆರು ಸರಿ. ಕೆಳಗಿನಿಂದ ದರ್ಜಿ ಓಡಿ ಬಂದು, “ಏನ್ ಮೇಡಂ, ಮಿಷನ್ ಸದ್ದು ಬಂತು!” ಎಂದ. ಆ ಸಂಜೆ ಮೇಡಂ ಐವರ ಹಾಳೆಯ ಮೇಲೂ ಕೆಂಪು ಪೆನ್ಸಿಲು ಆಡಿಸಿದರು. ವಾರ ಕಳೆಯುವಷ್ಟರಲ್ಲಿ ಓಣಿಯಲ್ಲಿ ಇದೇ ಮಾತು: ಪರದೆ ಇಲ್ಲದೆ ಕಂಪ್ಯೂಟರ್ ಹೊಡೆಯುವ ಹುಡುಗಿಯರು. ಬಿಟ್ಟು ಹೋಗಿದ್ದವರಲ್ಲಿ ಒಬ್ಬಳು ವಾಪಸು ಬಂದಳು. ಅಲ್ಲಿ ನಾಲ್ಕು ಪರದೆ ಇದೆ ಮೇಡಂ, ಆದರೆ ಕಲಿಸೋರು ಬರೋದಿಲ್ಲ ಎಂದಳು.

ಹೊಸ ಮಾನಿಟರನ್ನು ಇಂಜಿನಿಯರ್ ತಾವೇ ಬಸ್ಸಿನಲ್ಲಿ ತಂದರು. ತಂದವರು ಸೀದಾ ಮೊಳೆಯ ಹತ್ತಿರ ಹೋಗಿ ಹೊಸ ಜಾತಕದ ಮೊದಲ ಸಾಲನ್ನು ತಮ್ಮ ಕೈಯಿಂದಲೇ ಬರೆದರು: ‘ಬಂದಿದೆ. ಬೆಸುಗೆ ನೋಡಿದ್ದೇನೆ, ಗಟ್ಟಿಯಾಗಿದೆ.’ ಹೊರಡುವಾಗ, “ಇಂಥ ಪುಸ್ತಕ ನಾನೂ ಇಡ್ತೀನಿ ಮೇಡಂ, ನಮ್ ಮಾಲೀಕರಿಗೆ ಮಾತ್ರ ಹೇಳ್ಬೇಡಿ” ಎಂದು ನಕ್ಕರು. ಆ ಆರು ಜನ ಕಲಿತು ಹೊರಬಿದ್ದ ಮೇಲೆ ಮುಂದಿನ ಬ್ಯಾಚಿಗೆ ಹತ್ತೊಂಬತ್ತು ಜನ ಬಂದರು. ಇನ್‌ಸ್ಟಿಟ್ಯೂಟು ಮತ್ತೆ ಎಂಟು ವರ್ಷ ನಡೆಯಿತು.

ನಾನು ಸರ್ಕಾರಿ ಕೆಲಸ ಸಿಕ್ಕಿ ಅರಸೀಕೆರೆಗೆ ಬಂದೆ. ಮೇಡಂ ಬಾಗಿಲು ಹಾಕಿ ಹಳೇಬೀಡಿನ ತಂಗಿಯ ಮನೆ ಸೇರಿದರು. ತಿಂಗಳಿಗೊಮ್ಮೆ ಹೋಗಿ ನೋಡಿ ಬರುತ್ತಿದ್ದೆ. ಕಡೆಯ ಸಲ ಹೋದಾಗ ಹಾಸಿಗೆ ಹಿಡಿದಿದ್ದರು. ಮಾತು ಕಡಿಮೆಯಾಗಿತ್ತು, ಬೆರಳು ಮಾತ್ರ ಹೊದಿಕೆಯ ಮೇಲೆ ನಾನು ಹೇಳಿದ್ದನ್ನೆಲ್ಲ ಬರೆಯುತ್ತಿದ್ದವು. ನನ್ನ ಕಚೇರಿ, ನನ್ನ ಮಗಳ ಶಾಲೆ, ಅಜ್ಜಿ ತೀರಿಕೊಂಡದ್ದು. ಏಳುವಾಗ, “ಮುಂದಿನ್ ತಿಂಗ್ಳಷ್ಟೊತ್ತಿಗೆ ಎದ್ದು ಓಡಾಡ್ತೀರಿ ಮೇಡಂ” ಎಂದೆ. ಬೆರಳುಗಳು ನಿಂತವು. ಅವರು ನನ್ನ ಮುಖ ನೋಡಿ ಕಣ್ಣಲ್ಲೇ ನಕ್ಕರು. ನಾನು ಮತ್ತೆ ಕೂತೆ, ಕೈ ಹಿಡಿದುಕೊಂಡು, ಏನೂ ಹೇಳದೆ, ಬಸ್ಸಿನ ಹೊತ್ತು ಮೀರುವ ತನಕ.

ಅವರು ಹೋದ ಮೇಲೆ ಅವರ ತಂಗಿ ನನಗೊಂದು ಪೊಟ್ಟಣ ಕೊಟ್ಟರು. “ಇದು ನಿಂಗೇ ಸೇರ್ಬೇಕು ಅಂದಿದ್ಲು ಅಕ್ಕ.” ಬಿಚ್ಚಿದರೆ ಹಳೆಯ ಮಾನಿಟರಿನ ಜಾತಕ. ರಟ್ಟಿನ ಮೇಲೆ ಇನ್ನೂ ಎರಡು ಚೂರು ಮಿಂಚಿನ ಪುಡಿ ಅಂಟಿತ್ತು. ಅರಸೀಕೆರೆಗೆ ವಾಪಸು ಬರುವ ಬಸ್ಸಿನಲ್ಲಿ ಆಯುಧಪೂಜೆಯ ಪುಟ ಹುಡುಕಿದೆ. ಹಗರೆಯ ಕಲ್ಲುಬೆಂಚಿನ ಮೇಲೆ ಕೂತು ಬರೆದ ದಿನದಿಂದ ಅದನ್ನು ಮತ್ತೆ ನೋಡಿರಲಿಲ್ಲ, ನೋಡುವ ಧೈರ್ಯವಿರಲಿಲ್ಲ. ನಡುಗುವ ಕೈಯ ಸೊಟ್ಟ ಅಕ್ಷರ, ಎರಡು ಕಡೆ ಒತ್ತು ಬಿಟ್ಟುಹೋಗಿದೆ, ಒಂದು ಕಡೆ ಶಾಯಿ ಹರಡಿದೆ. ‘ಪೂಜೆಯಲ್ಲಿ ತೆಂಗಿನಕಾಯಿ ನೀರು ಮಾನಿಟರಿನ ಮೇಲೆ ಬಿತ್ತು. ಬೀಳಿಸಿದವಳು ನಾನು. ಅವತ್ತು ಬರೆಯಲಿಲ್ಲ.’

ಅದರ ಪಕ್ಕದಲ್ಲಿ, ಅಂಚಿನಲ್ಲಿ, ಕೆಂಪು ಪೆನ್ಸಿಲಿನ ಒಂದು ಸಣ್ಣ ಗಿಳಿಮೂಗು.